ಸೀತಾಳೆ ದಂಡೆ ಅಂದರೆ ಯಾವ ದಂಡೆ?

ಮುಂಗಾರು ಹಿಡಿಯುವ ಹೊತ್ತಿಗೆ ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ತಲೆಯೆತ್ತಿ ನಡೆಯಿರಿ. ಹಲಸಿನ ಕೊಂಬೆಯಿಂದ ಉದ್ದನೆಯ ಹೂಗೊಂಚಲು ಇಳಿಬಿದ್ದಿರುವುದು ಕಂಡೀತು. ಬಿಳಿ ಹೂವು, ಮೇಲೆಲ್ಲ ನೇರಳೆ ಚುಕ್ಕೆ. ಚೆನ್ನಾಗಿ ಬೆಳೆದ ಗೊಂಚಲಲ್ಲಿ ನೂರರ ಹತ್ತಿರ ಹೂವು, ಸಂದಿಲ್ಲದ ಹಾಗೆ. ಅದೇ ಸೀತಾಳೆ ದಂಡೆ. ಸೀತೆ ದಂಡೆ ಅನ್ನುವವರೂ ಇದ್ದಾರೆ.

ಇದು ಹೊಳೆದಂಡೆಯ ದಂಡೆಯಲ್ಲ, ಹೆಂಗಸರು ತಲೆಗೆ ಮುಡಿಯುವ ದಂಡೆ. ವನವಾಸದಲ್ಲಿ ಸೀತೆ ಇದನ್ನೇ ಮುಡಿಯುತ್ತಿದ್ದಳು ಅಂತ ಹಳಬರ ಮಾತು. ಇದಕ್ಕೆ ಬಾಳೆನಾರು ಹಿಡಿದು ಕೂರುವ ಕೆಲಸವೇ ಇಲ್ಲ, ಗಿಡವೇ ಕಟ್ಟಿ ಕೊಟ್ಟಿರುತ್ತದೆ ಅಲ್ವಾ? ಇಂಗ್ಲಿಷಿನವರಿಗೆ ಇದು ನರಿ ಬಾಲದ ಹಾಗೆ ಕಂಡು ಫಾಕ್ಸ್‌ಟೇಲ್ ಆರ್ಕಿಡ್ ಆಯಿತು. ನಮ್ಮ ಹೆಸರೇ ವಾಸಿ. ಅಸ್ಸಾಮಿನಲ್ಲಿ ಇದು ರಾಜ್ಯದ ಹೂವು. ಬಿಹು ಕುಣಿಯುವ ಹುಡುಗಿಯರು ತುರುಬಿಗೆ ಮುಡಿಯುತ್ತಾರೆ. ಸಸ್ಯಶಾಸ್ತ್ರದ ಹೆಸರು ರಿಂಕೋಸ್ಟೈಲಿಸ್ ರೆಟೂಸಾ.

ಮರದ ಮೇಲೆ ಕೂತಿದೆ ಅಂತ ಬಂದಳಿಕೆ ಜೊತೆ ಸೇರಿಸಿ ಕಿತ್ತೆಸೆಯುವವರಿದ್ದಾರೆ. ಪಾಪ, ಇದರದು ಏನೂ ತಪ್ಪಿಲ್ಲ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಹೀರುತ್ತದೆ. ಸೀತಾಳೆ ತೊಗಟೆಗೆ ಸುಮ್ನೆ ಅಂಟಿಕೊಂಡಿರುತ್ತದೆ. ನೀರು ಮಳೆ-ಮಂಜಿನದು, ಸಾರ ತೊಗಟೆ ಸಂದಿಯ ಕಸದ್ದು. ದಪ್ಪ ಬೇರಿನ ಸುತ್ತ ಸ್ಪಂಜಿನಂಥ ಪದರ ಇದೆ. ಒಣಗಿದಾಗ ಬೆಳ್ಳಗೆ, ನೀರು ಬಿದ್ದ ಕೂಡಲೇ ಹಸಿರು.

ಬೆಳೆಸುವವರಿಗೆ ಈ ಬಣ್ಣವೇ ಗುರುತು. ಬೇರು ಬೆಳ್ಳಗಾದರೆ ನೀರು ಚಿಮುಕಿಸಿ, ಹಸಿರಿದ್ದರೆ ಬಿಡಿ. ನಾನು ಮೊದಲ ಸಲ ಕುಂಡಕ್ಕೆ ಮಣ್ಣು, ಸಗಣಿ ಗೊಬ್ಬರ ತುಂಬಿ ನೆಟ್ಟಿದ್ದೆ. ಶ್ರಾವಣದ ಹೊತ್ತಿಗೆ ಕೊಳೆತು ನಾರುತ್ತಿತ್ತು. ಇದರ ಬೇರಿಗೆ ಗಾಳಿ ಬೇಕು, ಮಣ್ಣು ಬೇಡ. ಎಳೆಬಿಸಿಲು, ಮಧ್ಯಾಹ್ನ ನೆರಳು ಸಾಕು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಲ್ಲಬಾರದು. ಮಳೆಗಾಲದಲ್ಲಿ ಹೊರಗಿದ್ದರೆ ನೀವೇನೂ ಮಾಡಬೇಕಿಲ್ಲ; ಬೇಸಿಗೆಯಲ್ಲಿ ಬೆಳಿಗ್ಗೆ ನೀರು ಚಿಮುಕಿಸಿ.

ಹಾಗಂತ ಕಾಡಿನ ಮರದಿಂದ ಕಿತ್ತು ತರಬೇಡಿ. ಎಳೆದರೆ ಬೇರು ತುಂಡಾಗುತ್ತದೆ, ಆಮೇಲೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಬೀಜವೋ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇರುವುದಿಲ್ಲ. ಅದಕ್ಕೆ ಹೊಂದುವ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳಕೆ. ಹೂ ಬಿಡುವಷ್ಟು ದೊಡ್ಡದಾಗಲು ವರ್ಷಗಳೇ ಬೇಕು.

ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳು ಮರದ ಕೊಂಬೆ ಸವರಿದಾಗ, ಕೊಂಬೆ ಜೊತೆ ಬಿದ್ದದ್ದು ಇರುತ್ತದಲ್ಲ, ಅದನ್ನು ಉಳಿಸಿಕೊಳ್ಳಿ. ನನ್ನ ಎರಡನೆಯ ಗಿಡ ಹಾಗೇ ಸಿಕ್ಕಿದ್ದು. ಅಂಗಳದ ಮಾವಿನ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿದೆ. ನಾರು ಎಂದೋ ಕೊಳೆತು ಉದುರಿಹೋಯಿತು. ಗಿಡ ಅಲ್ಲೇ ಇದೆ.