ಖೋಡದ್‌ನ ಆ್ಯಂಟೆನಾಗಳು ಹಿಡಿದ ಗುರುತ್ವದ ಅಲೆ: ಒಂದು ಸುದ್ದಿಯ ಹಿಂದಿನ ಆರು ದಶಕಗಳು

2023ರ ಜೂನ್ 29ರಂದು ಯುರೋಪ್, ಉತ್ತರ ಅಮೆರಿಕ, ಆಸ್ಟ್ರೇಲಿಯ, ಚೀನಾ ಮತ್ತು ಭಾರತದ ಖಗೋಳ ವಿಜ್ಞಾನಿಗಳ ತಂಡಗಳು ಬೇರೆ ಬೇರೆ ಪ್ರಬಂಧಗಳಲ್ಲಿ ಒಂದೇ ವಿಷಯವನ್ನು ಪ್ರಕಟಿಸಿದವು. ವಿಶ್ವದ ಎಲ್ಲ ದಿಕ್ಕುಗಳಿಂದಲೂ ಅವಕಾಶವನ್ನೇ ಹಿಗ್ಗಿಸಿ ಕುಗ್ಗಿಸುವ, ಅತಿ ನಿಧಾನವಾಗಿ ಏರಿಳಿಯುವ ಗುರುತ್ವ ಅಲೆಗಳು ಸತತವಾಗಿ ಬರುತ್ತಿವೆ, ಅದಕ್ಕೆ ಈಗ ಗಟ್ಟಿಯಾದ ಪುರಾವೆ ದೊರೆಯತೊಡಗಿದೆ ಎಂಬುದು ಅವುಗಳ ಸಾರ. ಅಂದಿನ ಸುದ್ದಿಗಳಲ್ಲಿ ಪುಣೆಯ ಹೆಸರೂ ಇತ್ತು. ಪುಣೆ–ನಾಶಿಕ್ ಹೆದ್ದಾರಿಯಲ್ಲಿ ಚಾಕಣ, ಮಂಚರ್ ದಾಟಿ ನಾರಾಯಣಗಾಂವ್ ತಲುಪಿ, ಅಲ್ಲಿಂದ ಪೂರ್ವಕ್ಕೆ ತಿರುಗಿದರೆ ಸಿಗುವ ಖೋಡದ್ ಎಂಬ ಹಳ್ಳಿಯ ಸುತ್ತ ಹರಡಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕವು ಈ ಶೋಧದಲ್ಲಿ ಪಾಲ್ಗೊಂಡಿತ್ತು. ಶಿರಡಿಗೋ ನಾಶಿಕ್‌ಗೋ ಹೋಗುವಾಗ ಇದೇ ದಾರಿಯಲ್ಲಿ ಸಾಗುವ ಪುಣೆಯ ಕನ್ನಡ ಕುಟುಂಬಗಳು ಸಾವಿರಾರು. ಆದರೂ ಅಲ್ಲಿ ನಡೆಯುವ ಕೆಲಸ ಏನು, ಅದು ಎಲ್ಲಿಂದ ಆರಂಭವಾಯಿತು ಎಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ. ಆ ಕಥೆಯಲ್ಲಿ ಹುಬ್ಬಳ್ಳಿ ಮತ್ತು ಬೆಂಗಳೂರಿನ ಪಾಲೂ ಇದೆ ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ಭಾರತದ ಮಟ್ಟಿಗೆ ಇದು ಆರಂಭವಾದದ್ದು ಒಂದು ಪತ್ರದಿಂದ. 1961ರಲ್ಲಿ ವಿದೇಶಗಳಲ್ಲಿ ಕೆಲಸ ಮಾಡುತ್ತಿದ್ದ ನಾಲ್ವರು ಭಾರತೀಯ ರೇಡಿಯೊ ಖಗೋಳ ವಿಜ್ಞಾನಿಗಳು, ತಾಯ್ನಾಡಿಗೆ ಮರಳಿ ಒಟ್ಟಾಗಿ ಕೆಲಸ ಮಾಡಲು ತಾವು ಸಿದ್ಧರಿರುವುದಾಗಿ ದೇಶದ ವಿಜ್ಞಾನ ಸಂಸ್ಥೆಗಳಿಗೆ ಬರೆದರು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ 1962ರ ಜನವರಿಯಲ್ಲಿ ತಂತಿ ಕಳುಹಿಸಿ, ರೇಡಿಯೊ ಖಗೋಳ ವಿಜ್ಞಾನದ ತಂಡವೊಂದನ್ನು ಕಟ್ಟಲು ನಿರ್ಧರಿಸಿದ್ದೇವೆಂದು ತಿಳಿಸಿದರು. ಆ ನಾಲ್ವರಲ್ಲಿ ಒಬ್ಬರಾದ ಗೋವಿಂದ ಸ್ವರೂಪ್ ಮರುವರ್ಷವೇ ಭಾರತಕ್ಕೆ ಬಂದರು. ಆಸ್ಟ್ರೇಲಿಯ ದೇಶವು ತನಗೆ ಬೇಡವಾದ 32 ಚಿಕ್ಕ ಆ್ಯಂಟೆನಾಗಳನ್ನು ಭಾರತಕ್ಕೆ ಉಡುಗೊರೆಯಾಗಿ ಕೊಟ್ಟಿತ್ತು. ಅವನ್ನು ಮುಂಬೈ ಬಳಿಯ ಕಲ್ಯಾಣದಲ್ಲಿ ನಿಲ್ಲಿಸಿ, 1965ರ ಹೊತ್ತಿಗೆ ಸ್ವರೂಪ್ ಮತ್ತು ಅವರ ಯುವ ಸಹೋದ್ಯೋಗಿಗಳು ಸೂರ್ಯನ ರೇಡಿಯೊ ಅಲೆಗಳನ್ನು ಅಳೆಯತೊಡಗಿದರು.

ಅನಂತರದ ಹೆಜ್ಜೆ ಊಟಿಯದು. ಅಲ್ಲಿನ ಮುತ್ತೋರೈ ಬಳಿಯ ಇಳಿಜಾರೊಂದು ಆ ಸ್ಥಳದ ಅಕ್ಷಾಂಶದಷ್ಟೇ, ಅಂದರೆ ಸುಮಾರು 11 ಡಿಗ್ರಿಯಷ್ಟೇ ವಾಲಿತ್ತು. 530 ಮೀಟರ್ ಉದ್ದ, 30 ಮೀಟರ್ ಅಗಲದ ದೂರದರ್ಶಕವನ್ನು ಅದರ ಮೇಲೆ ನಿಲ್ಲಿಸಿದಾಗ ದೂರದರ್ಶಕದ ಅಕ್ಷವು ಭೂಮಿಯ ಅಕ್ಷಕ್ಕೆ ಸಮಾನಾಂತರವಾಯಿತು. ಹೀಗಾಗಿ ಒಂದೇ ಅಕ್ಷದ ಸುತ್ತ ತಿರುಗಿಸಿದರೂ ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಲು ಸಾಧ್ಯವಾಯಿತು. 1970ರಲ್ಲಿ ಪೂರ್ಣಗೊಂಡ ಈ ಯಂತ್ರವನ್ನು ಭಾರತದಲ್ಲಿಯೇ ವಿನ್ಯಾಸಗೊಳಿಸಿ ಕಟ್ಟಲಾಗಿತ್ತು. ದುಬಾರಿ ಸಲಕರಣೆಯ ಕೊರತೆಯನ್ನು ನೆಲದ ಗುಣ ಮತ್ತು ವಿನ್ಯಾಸದ ಜಾಣ್ಮೆಯಿಂದ ತುಂಬಿಕೊಳ್ಳುವ ಈ ಪದ್ಧತಿಯೇ ಮುಂದೆ ಖೋಡದ್‌ನಲ್ಲಿಯೂ ಕೈಹಿಡಿಯಿತು.

ಇದೇ ಅವಧಿಯಲ್ಲಿ ಹೊರಗಿನ ಜಗತ್ತಿನಲ್ಲಿ ಎರಡು ಎಳೆಗಳು ಹತ್ತಿರವಾಗುತ್ತಿದ್ದವು. ಗುರುತ್ವ ಅಲೆಗಳು ಇರಬೇಕೆಂದು ಐನ್‌ಸ್ಟೈನ್ 1916ರಲ್ಲಿಯೇ ಹೇಳಿದ್ದರು; ಅವನ್ನು ಅಳೆಯುವ ದಾರಿ ಯಾರಿಗೂ ಕಂಡಿರಲಿಲ್ಲ. 1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸಲಿನ್ ಬೆಲ್, ಸುಮಾರು 1.34 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ರೇಡಿಯೊ ಸಂಕೇತವೊಂದನ್ನು ಗುರುತಿಸಿದರು. ಸತ್ತ ದೊಡ್ಡ ನಕ್ಷತ್ರದ ಉಳಿಕೆಯಾದ ನ್ಯೂಟ್ರಾನ್ ನಕ್ಷತ್ರವು ತನ್ನ ಅಕ್ಷದ ಸುತ್ತ ತಿರುಗುವಾಗ ಅದರ ರೇಡಿಯೊ ಕಿರಣ ನಮ್ಮ ಕಡೆಗೆ ಬೀಸಿ ಹೋಗುವುದರಿಂದ ಈ ಮಿಡಿತ ಉಂಟಾಗುತ್ತದೆ. ಇಂಥ ಕಾಯಗಳಿಗೆ ಪಲ್ಸಾರ್ ಎಂಬ ಹೆಸರು ಬಂತು. ಪಲ್ಸಾರ್‌ಗಳ ಮಿಡಿತ ಅಷ್ಟು ನಿಯತವಾಗಿದ್ದರೆ, ಅವುಗಳಿಗೂ ನಮಗೂ ನಡುವಿನ ಅವಕಾಶವನ್ನು ಗುರುತ್ವ ಅಲೆಯೊಂದು ಹಿಗ್ಗಿಸಿ ಕುಗ್ಗಿಸಿದಾಗ ಮಿಡಿತವು ಸ್ವಲ್ಪ ಬೇಗನೆ ಅಥವಾ ಸ್ವಲ್ಪ ತಡವಾಗಿ ತಲುಪಬೇಕು ಎಂದು ಸೋವಿಯತ್ ವಿಜ್ಞಾನಿ ಸಾಜಿನ್ 1978ರಲ್ಲಿಯೂ ಅಮೆರಿಕದ ಡೆಟ್‌ವೈಲರ್ 1979ರಲ್ಲಿಯೂ ತೋರಿಸಿದರು.

ಈ ಕೆಲಸಕ್ಕೆ ಬೇಕಾದಷ್ಟು ನಿಖರವಾದ ಪಲ್ಸಾರ್ ದೊರೆತದ್ದು 1982ರಲ್ಲಿ. ಸೆಕೆಂಡಿಗೆ ಸುಮಾರು 642 ಸಲ ಸುತ್ತುವ ಪಲ್ಸಾರ್ ಒಂದನ್ನು ಡಾನ್ ಬ್ಯಾಕರ್ ಅವರ ತಂಡ ಕಂಡುಹಿಡಿಯಿತು. ಆ ತಂಡದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಶ್ರೀನಿವಾಸ ಕುಲಕರ್ಣಿ ಇದ್ದರು. ಕೊಲ್ಹಾಪುರ ಜಿಲ್ಲೆಯ ಕುರುಂದವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದವರು ಅವರು. 2024ರಲ್ಲಿ ಅವರಿಗೆ ಶಾ ಪ್ರಶಸ್ತಿ ಸಂದಿತು. ಹಳೆಯ ನ್ಯೂಟ್ರಾನ್ ನಕ್ಷತ್ರವೊಂದು ಇಷ್ಟು ವೇಗ ಪಡೆದದ್ದು ಹೇಗೆ ಎಂಬ ಪ್ರಶ್ನೆಗೆ 1982ರಲ್ಲಿಯೇ ಉತ್ತರ ಕೊಟ್ಟವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಪ್ರಮುಖರು. ಜೊತೆಯ ನಕ್ಷತ್ರದಿಂದ ದ್ರವ್ಯವನ್ನು ಎಳೆದುಕೊಳ್ಳುವಾಗ ಪಲ್ಸಾರ್‌ನ ಸುತ್ತುವ ವೇಗವೂ ಹೆಚ್ಚುತ್ತದೆ ಎಂಬ ಅವರ ವಿವರಣೆ ಇಂದಿಗೂ ನಿಂತಿದೆ.

ಒಂದು ಪಲ್ಸಾರ್‌ನ ಮಿಡಿತ ಏರುಪೇರಾಯಿತೆಂದರೆ ಕಾರಣ ಗುರುತ್ವ ಅಲೆಯೇ ಆಗಿರಬೇಕೆಂದಿಲ್ಲ. ಪಲ್ಸಾರ್‌ನದೇ ದೋಷವಿರಬಹುದು, ಭೂಮಿಯ ಮೇಲಿನ ಗಡಿಯಾರದ ದೋಷವಿರಬಹುದು. 1983ರಲ್ಲಿ ಹೆಲಿಂಗ್ಸ್ ಮತ್ತು ಡೌನ್ಸ್ ಇದಕ್ಕೆ ಒಂದು ಪರೀಕ್ಷೆಯನ್ನು ಸೂಚಿಸಿದರು. ಆಕಾಶದ ಬೇರೆ ಬೇರೆ ಕಡೆಗಳಲ್ಲಿರುವ ಹಲವು ಪಲ್ಸಾರ್‌ಗಳನ್ನು ಜೋಡಿ ಜೋಡಿಯಾಗಿ ಹೋಲಿಸಿದಾಗ, ಅವುಗಳ ಏರುಪೇರುಗಳ ನಡುವಿನ ಸಂಬಂಧವು ಆ ಎರಡು ಪಲ್ಸಾರ್‌ಗಳ ನಡುವಿನ ಕೋನಕ್ಕೆ ತಕ್ಕಂತೆ ಒಂದು ನಿರ್ದಿಷ್ಟ ವಕ್ರರೇಖೆಯನ್ನು ಅನುಸರಿಸಿದರೆ, ಅದು ಗುರುತ್ವ ಅಲೆಯ ಗುರುತು. ಬೇರೆ ಯಾವ ದೋಷವೂ ಇದೇ ಆಕಾರವನ್ನು ಸುಲಭವಾಗಿ ಕೊಡಲಾರದು. 2023ರ ಪ್ರಕಟಣೆಯ ತಿರುಳು ಇರುವುದು ಈ ವಕ್ರರೇಖೆಯಲ್ಲಿ. ಹೀಗೆ ನಲವತ್ತು ವರ್ಷಗಳ ಹಿಂದೆಯೇ ಪ್ರಶ್ನೆಯೂ ಪರೀಕ್ಷೆಯೂ ಸಿದ್ಧವಾಗಿದ್ದವು. ಕೊರತೆಯಿದ್ದದ್ದು ಅಷ್ಟು ದೀರ್ಘಕಾಲದ, ಅಷ್ಟು ನಿಖರವಾದ ಅಳತೆಗಳದು.

ಸ್ವರೂಪ್ ಜಿಎಂಆರ್‌ಟಿಯ ಕನಸು ಕಂಡದ್ದು ಸರಿಯಾಗಿ ಈ ಹೊತ್ತಿನಲ್ಲಿ. ವೇಗವಾಗಿ ಸುತ್ತುವ ಪಲ್ಸಾರ್‌ಗಳ ಹುಡುಕಾಟವು ಯೋಜನೆಯ ಮೂಲ ಉದ್ದೇಶಗಳಲ್ಲಿಯೇ ಇತ್ತು. ತಲಾ 45 ಮೀಟರ್ ವ್ಯಾಸದ 30 ಆ್ಯಂಟೆನಾಗಳನ್ನು ಉಕ್ಕಿನ ಗಟ್ಟಿ ತಗಡಿನಿಂದ ಕಟ್ಟಿದ್ದರೆ ವೆಚ್ಚ ಕೈಮೀರುತ್ತಿತ್ತು. ಹಗ್ಗದಂತೆ ಬಿಗಿದ ಉಕ್ಕಿನ ತಂತಿಗಳ ಮೇಲೆ ತೆಳುವಾದ ತಂತಿಬಲೆಯನ್ನು ಎಳೆದು ಕಟ್ಟುವ ವಿನ್ಯಾಸವನ್ನು ಸ್ವರೂಪ್ ಮತ್ತು ಸಂಗಡಿಗರು ರೂಪಿಸಿದರು. ಗಾಳಿ ಬಲೆಯ ಮೂಲಕ ಹಾದುಹೋಗುವುದರಿಂದ ಭಾರವೂ ಕಡಿಮೆ, ಅಡಿಪಾಯದ ಖರ್ಚೂ ಕಡಿಮೆ. ಉದ್ದನೆಯ ರೇಡಿಯೊ ಅಲೆಗಳಿಗೆ ಮಾತ್ರ ಆ ಬಲೆ ಪೂರ್ಣ ಕನ್ನಡಿಯೇ ಸರಿ. ಹದಿನಾಲ್ಕು ಆ್ಯಂಟೆನಾಗಳು ಖೋಡದ್‌ನ ನಡುಭಾಗದಲ್ಲಿ ಒತ್ತೊತ್ತಾಗಿವೆ. ಉಳಿದ ಹದಿನಾರು ಮೂರು ತೋಳುಗಳಾಗಿ ಸುಮಾರು 25 ಕಿಲೋಮೀಟರ್ ವಿಸ್ತಾರಕ್ಕೆ ಹರಡಿವೆ. ಸುತ್ತಲಿನ ಬೆಟ್ಟಗಳು ನಗರಗಳ ರೇಡಿಯೊ ಗದ್ದಲವನ್ನು ತಡೆಯುತ್ತವೆ ಎಂಬುದು ಈ ಸ್ಥಳದ ಆಯ್ಕೆಗೆ ಒಂದು ಮುಖ್ಯ ಕಾರಣವಾಗಿತ್ತು. 2002ರಿಂದ ಇದು ಎಲ್ಲ ದೇಶಗಳ ವಿಜ್ಞಾನಿಗಳಿಗೂ ತೆರೆದಿದೆ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಎನ್‌ಸಿಆರ್‌ಎ ಎಂಬ ರೇಡಿಯೊ ಖಗೋಳ ವಿಜ್ಞಾನ ಕೇಂದ್ರ ಇದನ್ನು ನಡೆಸುತ್ತದೆ.

ಇಲ್ಲಿ ಬೇರೆ ಬಗೆಯ ಗುರುತ್ವ ಅಲೆಯ ಕಥೆಯನ್ನೂ ಹೇಳಬೇಕು, ಏಕೆಂದರೆ ಎರಡನ್ನೂ ಬೆರೆಸಿಕೊಳ್ಳುವವರು ಹೆಚ್ಚು. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಎಂಬ ಗುರುತ್ವ ಅಲೆ ಶೋಧಕವು ಹಿಡಿದದ್ದು, ಸೂರ್ಯನಿಗಿಂತ ಸುಮಾರು 36 ಮತ್ತು 29 ಪಟ್ಟು ತೂಕದ ಎರಡು ಕಪ್ಪುರಂಧ್ರಗಳು ಡಿಕ್ಕಿಯಾಗಿ ಒಂದಾದಾಗ ಹೊಮ್ಮಿದ, ಒಂದು ಸೆಕೆಂಡೂ ಬಾಳದ ಅಲೆಯನ್ನು. ಅಂಥ ಡಿಕ್ಕಿಯ ಬಳಿಕ ಕಪ್ಪುರಂಧ್ರವು ಕ್ರಮೇಣ ಕ್ಷೀಣಿಸುವ ಕಂಪನದೊಂದಿಗೆ ಶಾಂತವಾಗುತ್ತದೆ ಎಂಬ ತಿಳಿವಳಿಕೆಗೆ 1970ರಲ್ಲಿಯೇ ಬುನಾದಿ ಹಾಕಿದವರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ, ನಗರದ ನೆಹರೂ ತಾರಾಲಯವನ್ನು ಕಟ್ಟಿದವರೂ ಅವರೇ. ಗದ್ದಲದ ನಡುವಿನಿಂದ ಇಂಥ ಅಲೆಯನ್ನು ಹೆಕ್ಕುವ ವಿಧಾನವನ್ನು ಪುಣೆಯ ಐಯುಕಾ ಎಂಬ ಖಗೋಳ ವಿಜ್ಞಾನ ಸಂಸ್ಥೆಯಲ್ಲಿ ಸಂಜೀವ ಧುರಂಧರ್ ಮತ್ತು ಬಿ. ಎಸ್. ಸತ್ಯಪ್ರಕಾಶ್ 1990ರ ದಶಕದ ಆರಂಭದಲ್ಲಿ ಬೆಳೆಸಿದರು.

ಖೋಡದ್‌ನವರು ಅರಸುತ್ತಿರುವ ಅಲೆ ಇದಕ್ಕಿಂತ ತೀರ ಬೇರೆ. ಅದರ ಒಂದೊಂದು ಏರಿಳಿತ ಮುಗಿಯಲು ವರ್ಷಗಳೇ ಬೇಕು. ಗ್ಯಾಲಕ್ಸಿಗಳು ಒಂದರೊಳಗೊಂದು ಬೆರೆತಾಗ ಅವುಗಳ ನಡುವಿನ ದೈತ್ಯ ಕಪ್ಪುರಂಧ್ರಗಳು, ಅಂದರೆ ಸೂರ್ಯನಿಗಿಂತ ಕೋಟ್ಯಂತರ ಪಟ್ಟು ತೂಕದವು, ಜೋಡಿಯಾಗಿ ಸುತ್ತತೊಡಗುತ್ತವೆ. ವಿಶ್ವದಾದ್ಯಂತ ಇಂಥ ಅಸಂಖ್ಯ ಜೋಡಿಗಳ ಅಲೆಗಳು ಬೆರೆತು, ದೂರದಿಂದ ಕೇಳುವ ಜಾತ್ರೆಯ ಗದ್ದಲದಂತೆ, ಯಾವುದು ಯಾರದೆಂದು ತಿಳಿಯದ ಒಂದೇ ಸಮನಾದ ಮೊರೆತವಾಗುತ್ತವೆ. ನಾಲ್ಕು ಕಿಲೋಮೀಟರ್ ತೋಳಿನ ಲೈಗೊ ಇದನ್ನು ಹಿಡಿಯಲಾರದು. ಬೆಳಕಿನ ವರ್ಷಗಳ ಲೆಕ್ಕದಲ್ಲಿ ದೂರವಿರುವ ಪಲ್ಸಾರ್‌ಗಳೇ ಇದಕ್ಕೆ ಬೇಕು.

ಎನ್‌ಸಿಆರ್‌ಎಯ ಭಾಲ್ ಚಂದ್ರ ಜೋಶಿ ಕಳೆದ ದಶಕದಲ್ಲಿ ಪಲ್ಸಾರ್‌ಗಳ ಮಿಡಿತವನ್ನು ಅಳೆಯುವ ಇನ್‌ಪಿಟಿಎ (ಇಂಡಿಯನ್ ಪಲ್ಸಾರ್ ಟೈಮಿಂಗ್ ಅರೇ) ಎಂಬ ತಂಡವನ್ನು ಕಟ್ಟಿದರು. ಜಪಾನಿನ ವಿಜ್ಞಾನಿಗಳೂ ಅದರಲ್ಲಿದ್ದಾರೆ. 2023ರಲ್ಲಿ ಅದರ ಅಧ್ಯಕ್ಷರಾಗಿದ್ದವರು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎ. ಗೋಪಕುಮಾರ್. ಯುರೋಪಿನ ತಂಡದ ಬಳಿ ಆ ವೇಳೆಗೆ 25 ಪಲ್ಸಾರ್‌ಗಳ, ಸುಮಾರು 25 ವರ್ಷಗಳ ಅಳತೆಗಳಿದ್ದವು. ಭಾರತದ್ದು ಬರೀ ಮೂರೂವರೆ ವರ್ಷದ ದತ್ತಾಂಶ. ಹಾಗಾದರೆ ಅದರ ಬೆಲೆ ಏನು ಎಂದು ಕೇಳುವುದು ಸಹಜ, ಮತ್ತು ಉತ್ತರವನ್ನು ತಿಳಿಯದೆ ಈ ಸುದ್ದಿಯನ್ನು ಅರ್ಥಮಾಡಿಕೊಳ್ಳಲಾಗದು. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಚದುರಿರುವ ಎಲೆಕ್ಟ್ರಾನ್‌ಗಳು ರೇಡಿಯೊ ಅಲೆಯನ್ನು ತಡವಾಗಿಸುತ್ತವೆ. ಆವರ್ತನ ಅರ್ಧವಾದರೆ ಈ ವಿಳಂಬ ನಾಲ್ಕು ಪಟ್ಟಾಗುತ್ತದೆ. ಎಲೆಕ್ಟ್ರಾನ್‌ಗಳ ಪ್ರಮಾಣ ಕಾಲಕಾಲಕ್ಕೆ ಬದಲಾಗುವುದರಿಂದ, ಹುಡುಕುತ್ತಿರುವ ಗುರುತ್ವ ಅಲೆಯ ಹಾಗೆಯೇ ಅದೂ ಮಿಡಿತವನ್ನು ನಿಧಾನವಾಗಿ ಹಿಂದುಮುಂದು ಮಾಡುತ್ತದೆ. ಯುರೋಪಿನ ಅಳತೆಗಳು ಹೆಚ್ಚಾಗಿ ಮೇಲಿನ ಆವರ್ತನಗಳವು. ಅಲ್ಲಿ ಈ ವಿಳಂಬ ಚಿಕ್ಕದು, ಆದ್ದರಿಂದ ಅಳೆದು ಕಳೆಯುವುದು ಕಷ್ಟ. ನವೀಕರಣಗೊಂಡ ಜಿಎಂಆರ್‌ಟಿ ತನ್ನ ಆ್ಯಂಟೆನಾಗಳನ್ನು ಗುಂಪುಗಳಾಗಿ ವಿಂಗಡಿಸಿ, ಒಂದೇ ಪಲ್ಸಾರ್ ಅನ್ನು ಒಂದೇ ವೇಳೆಯಲ್ಲಿ 300ರಿಂದ 500 ಮೆಗಾಹರ್ಟ್ಸ್‌ನ ಕೆಳ ಆವರ್ತನದಲ್ಲಿಯೂ 1,400 ಮೆಗಾಹರ್ಟ್ಸ್ ಆಸುಪಾಸಿನಲ್ಲಿಯೂ ಗಮನಿಸಬಲ್ಲದು. ಹೀಗೆ ವಿಳಂಬವನ್ನು ನೇರವಾಗಿ ಅಳೆದು ಬದಿಗಿಡಲು ಸಾಧ್ಯವಾಯಿತು. ಹತ್ತು ಪಲ್ಸಾರ್‌ಗಳ ಭಾರತೀಯ ದತ್ತಾಂಶವು ಯುರೋಪಿನ ದತ್ತಾಂಶದೊಂದಿಗೆ ಸೇರಿದ್ದು ಇದೇ ಕಾರಣಕ್ಕೆ.

ಅಂದು ಪ್ರಕಟವಾದದ್ದನ್ನು ಪುರಾವೆ ಎಂದೇ ಕರೆಯಬೇಕು, ಅಂತಿಮ ಶೋಧವೆಂದು ಅಲ್ಲ. ಫಲಿತಾಂಶ ಬರೀ ಆಕಸ್ಮಿಕವಲ್ಲ ಎನ್ನಲು ಭೌತವಿಜ್ಞಾನಿಗಳು ಒಪ್ಪುವ ಐದು ಸಿಗ್ಮಾ ಎಂಬ ಕಟ್ಟುನಿಟ್ಟಿನ ಗಡಿಯನ್ನು ಯಾವ ತಂಡವೂ ಮುಟ್ಟಿರಲಿಲ್ಲ. ಅಲೆಗಳ ಮೂಲ ಕಪ್ಪುರಂಧ್ರಗಳ ಜೋಡಿಗಳೇ, ಅಥವಾ ವಿಶ್ವದ ಆರಂಭದ ಯಾವುದೋ ಪ್ರಕ್ರಿಯೆಯೇ ಎಂಬುದೂ ತೀರ್ಮಾನವಾಗಿಲ್ಲ. ಆದ್ದರಿಂದ ಅಳತೆಗಳು ಮುಂದುವರಿಯಲೇಬೇಕು. 2025ರಲ್ಲಿ ಇನ್‌ಪಿಟಿಎ 27 ಪಲ್ಸಾರ್‌ಗಳ ಸುಮಾರು ಏಳು ವರ್ಷಗಳ ದತ್ತಾಂಶವನ್ನು ಬಿಡುಗಡೆ ಮಾಡಿದೆ.

ಈ ಮುಂದುವರಿಕೆಗೆ ಬೇಕಾದ ರೇಡಿಯೊ ಮೌನ ಮಾತ್ರ ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದೆ. ಮೊಬೈಲ್ ಗೋಪುರಗಳು, ವಿದ್ಯುತ್ ತಂತಿಗಳ ಕಿಡಿಗಳು, ತಲೆಯ ಮೇಲೆ ಹಾದುಹೋಗುವ ಉಪಗ್ರಹಗಳು ಇವೆಲ್ಲವೂ ಕೆಳ ಆವರ್ತನಗಳ ಅಳತೆಗೆ ಅಡ್ಡಿ. ಪುಣೆ–ನಾಶಿಕ್ ಸೆಮಿ ಹೈಸ್ಪೀಡ್ ರೈಲಿನ ಮೊದಲ ಮಾರ್ಗವು ಜಿಎಂಆರ್‌ಟಿಗೆ ತೊಂದರೆ ಮಾಡುತ್ತದೆಂಬ ಕಾರಣಕ್ಕೆ ಮಾರ್ಗವನ್ನೇ ಬದಲಿಸಲಾಗುವುದು ಎಂದು ರೈಲ್ವೆ ಸಚಿವರು ಹೇಳಿದ್ದಾರೆ. ಜುನ್ನರ್, ನಾರಾಯಣಗಾಂವ್ ಭಾಗದ ಜನರು ಹಳೆಯ ಮಾರ್ಗವೇ ಬೇಕೆಂದು ಒತ್ತಾಯಿಸುತ್ತಿದ್ದಾರೆ. ತರಕಾರಿ, ದ್ರಾಕ್ಷಿ ಬೆಳೆಯುವ ಆ ರೈತರಿಗೆ ರೈಲು ನಿಜವಾದ ಅಗತ್ಯ. ಅವರ ಬೇಡಿಕೆಯನ್ನು ವಿಜ್ಞಾನದ ವಿರೋಧವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಹಳಿಯನ್ನು ಕೆಲವು ಕಿಲೋಮೀಟರ್ ಆಚೆ ಒಯ್ಯಬಹುದು, ಮೂವತ್ತು ಆ್ಯಂಟೆನಾಗಳನ್ನು ಒಯ್ಯಲಾಗದು. ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಖೋಡದ್ ಸಾರ್ವಜನಿಕರಿಗೆ ತೆರೆಯುತ್ತದೆ, ಸುತ್ತಲಿನ ಶಾಲೆಗಳ ಮಕ್ಕಳು ತಮ್ಮ ಮಾದರಿಗಳನ್ನು ಅಲ್ಲಿ ಪ್ರದರ್ಶಿಸುತ್ತಾರೆ. ಪುಣೆಯ ಕನ್ನಡ ಶಾಲೆಗಳೂ ಸಂಘಗಳೂ ಆ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಕೆಂಬುದು ನನ್ನ ಕೋರಿಕೆ; ಎರಡು ಗಂಟೆಯ ಪ್ರಯಾಣ ಅಷ್ಟೇ.