ಕ್ಯಾರವಾನ್‌ಗೆ ಹೊಸ ಹಾಸಿಗೆ: ಅಳೆಯಬೇಕಾದ್ದು ಯಾವುದನ್ನು?

ಕ್ಯಾರವಾನ್ ಅಂದರೆ ಮಲಗಲು, ಅಡುಗೆಗೆ ಅನುಕೂಲ ಇರುವ ಪ್ರವಾಸದ ಗಾಡಿ. ಅದರ ಹಾಸಿಗೆ ಬದಲಿಸಬೇಕು ಅಂತ ಬರುವವರು ಹೆಚ್ಚಾಗಿ ಒಂದು ಚೀಟಿ ತಂದಿರುತ್ತಾರೆ. ಅದರಲ್ಲಿ ಎರಡೇ ಅಂಕಿ, ಉದ್ದ ಮತ್ತು ಅಗಲ. ಎಲ್ಲಿ ಅಳೆದಿರಿ ಅಂತ ಕೇಳಿದರೆ, "ಈಗಿರೋ ಹಾಸಿಗೆಯನ್ನೇ ಅಳೆದೆ" ಅನ್ನುತ್ತಾರೆ. ಆ ಚೀಟಿ ನಂಬಿ ನಾನು ಫೋಮ್‌ಗೆ ಚಾಕು ಹಾಕುವುದಿಲ್ಲ.

ವರ್ಷಗಟ್ಟಲೆ ಮಲಗಿದ ಫೋಮ್ ಕುಗ್ಗಿ ತೆಳ್ಳಗಾಗಿರುತ್ತದೆ. ಅದರ ಅಂಚು ಹೊರಗೆ ಉಬ್ಬಿರುತ್ತದೆ, ಮೂಲೆಗಳು ಸವೆದು ದುಂಡಗಾಗಿರುತ್ತವೆ. ಹಿಂದಿನ ಮಾಲೀಕರು ಕೈಗೆ ಸಿಕ್ಕ ಯಾವುದೋ ಹಾಸಿಗೆಯನ್ನು ತುರುಕಿರುವುದೂ ಉಂಟು. ಆದ್ದರಿಂದ ಹಾಸಿಗೆಯನ್ನು ಎತ್ತಿ ಪಕ್ಕಕ್ಕಿಡಿ. ಕೆಳಗಿನ ಹಲಗೆಯನ್ನು ಅಳೆಯಿರಿ.

ಮನೆಯ ಹಾಸಿಗೆಗೆ ಅಂಗಡಿಯಲ್ಲಿ ಸಿದ್ಧ ಸೈಜು ಸಿಗುತ್ತದೆ. ಕ್ಯಾರವಾನ್‌ಗೆ ಯಾಕೆ ಸಿಗುವುದಿಲ್ಲ? ರಸ್ತೆಯಲ್ಲಿ ಓಡುವ ಗಾಡಿಯ ಅಗಲಕ್ಕೆ ಮಿತಿ ಇದೆ. ಯುರೋಪಿನಲ್ಲಿ ಅದು 2.55 ಮೀಟರ್. ಅದರಲ್ಲೇ ಗೋಡೆಯ ದಪ್ಪ ಕಳೆಯಬೇಕು, ಓಡಾಡಲು ದಾರಿ ಬಿಡಬೇಕು, ಬಚ್ಚಲು, ಅಡುಗೆ ಕಟ್ಟೆ ಎಲ್ಲ ಹಿಡಿಸಬೇಕು. ಉಳಿದ ಜಾಗವೇ ಮಂಚ. ಹೀಗಾಗಿ ಹೆಸರು ಒಂದೇ ಇದ್ದರೂ ಅಳತೆ ಬೇರೆ ಆಗುತ್ತದೆ. ಅಮೆರಿಕದಲ್ಲಿ ಮನೆಯ ಕ್ವೀನ್ ಹಾಸಿಗೆ 60 ಇಂಚು ಅಗಲ, 80 ಇಂಚು ಉದ್ದ. ಅಲ್ಲಿನ ಗಾಡಿಗಳ 'ಶಾರ್ಟ್ ಕ್ವೀನ್' ಅಷ್ಟೇ ಅಗಲ, ಆದರೆ ಉದ್ದ ಸುಮಾರು 75 ಇಂಚು. ಬ್ರಿಟನ್ನಿನ ಮನೆಯ ಡಬಲ್ 135 ಸೆಂ.ಮೀ. ಅಗಲ, 190 ಸೆಂ.ಮೀ. ಉದ್ದ. ಯುರೋಪಿನ ಬೇರೆ ಕಡೆ ಮಾರಾಟವಾಗುವ ಡಬಲ್ ಸಾಮಾನ್ಯವಾಗಿ 140ಕ್ಕೆ 200. ಹಾಗಾಗಿ "ಡಬಲ್ ಕೊಡಿ", "ಕ್ವೀನ್ ಕೊಡಿ" ಅಂದರೆ ಅರ್ಧ ಮಾತು ಆಡಿದ ಹಾಗೆ. ಸೆಂಟಿಮೀಟರಿನಲ್ಲಿ ಹೇಳಿ.

ಸೆಂಟಿಮೀಟರ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾಲ್ಕು ಅಡಿ ಆರು ಇಂಚನ್ನು ಜನ ಚೀಟಿಯಲ್ಲಿ 4.6 ಅಂತ ಬರೆಯುತ್ತಾರೆ. ಅದನ್ನು ಓದಿದವರು ಕ್ಯಾಲ್ಕುಲೇಟರಿಗೆ ಹಾಕಿದರೆ 140 ಸೆಂ.ಮೀ. ಬರುತ್ತದೆ. ನಿಜವಾದ ಅಳತೆ 137. ಮೂರು ಸೆಂಟಿಮೀಟರ್ ಮನೆಯ ಮಂಚದ ಮೇಲೆ ಗೊತ್ತೇ ಆಗುವುದಿಲ್ಲ. ಎರಡು ಗೋಡೆಗಳ ನಡುವೆ ಕೂರಬೇಕಾದ ಹಾಸಿಗೆ ಅಷ್ಟಕ್ಕೇ ನಡುವೆ ಉಬ್ಬಿ ನಿಲ್ಲುತ್ತದೆ.

ಉದ್ದವನ್ನು ಮೂರು ಕಡೆ, ಅಗಲವನ್ನು ಮೂರು ಕಡೆ ಅಳೆಯಿರಿ. ತಲೆ ಕಡೆ, ನಡುವೆ, ಕಾಲು ಕಡೆ. ಒಂದೇ ಬಂದರೆ ಸಂತೋಷ, ಆದರೆ ಬರುವುದು ಅಪರೂಪ. ಆಮೇಲೆ ಎದುರುಬದುರು ಮೂಲೆಗಳ ನಡುವಿನ ಎರಡೂ ಅಳತೆ ತೆಗೆಯಿರಿ. ಆಯತಾಕಾರದ ಹಲಗೆಯಲ್ಲಿ ಅವೆರಡೂ ಸಮ ಇರಬೇಕು. ಇಲ್ಲದಿದ್ದರೆ ಹಲಗೆ ವಾರೆಯಾಗಿದೆ ಅಂತ ಅರ್ಥ. ಇನ್ನೊಂದು ವಿಷಯ, ಗೋಡೆ ಮೇಲೆ ಹೋದಂತೆ ಒಳಕ್ಕೆ ವಾಲಿರಬಹುದು, ಕಿಟಕಿಯ ಅಂಚು ಚಾಚಿರಬಹುದು. ಅದಕ್ಕೆ ಹಲಗೆಯ ಮಟ್ಟದಲ್ಲಿ ಒಮ್ಮೆ, ಹಾಸಿಗೆಯ ಮೇಲ್ಭಾಗ ಬರುವ ಎತ್ತರದಲ್ಲಿ ಇನ್ನೊಮ್ಮೆ ಅಳೆಯಬೇಕು. ಎರಡರಲ್ಲಿ ಚಿಕ್ಕದನ್ನು ಹಿಡಿಯಿರಿ. ಅದರಿಂದಲೂ ಒಂದೆರಡು ಸೆಂ.ಮೀ. ಕಳೆಯಿರಿ. ಬೆಡ್‌ಶೀಟ್ ಸಿಕ್ಕಿಸಲು ಬೆರಳು ಹೋಗಬೇಕಲ್ವಾ? ಹಾಸಿಗೆ ಮಾಡುವವರು ಸಾಮಾನ್ಯವಾಗಿ ಒಂದೆರಡು ಸೆಂ.ಮೀ. ಹೆಚ್ಚುಕಮ್ಮಿ ಆಗುತ್ತದೆ ಅಂತ ಮೊದಲೇ ಹೇಳಿಬಿಡುತ್ತಾರೆ. ಆ ಹೆಚ್ಚುಕಮ್ಮಿ ಎಷ್ಟು ಅಂತ ಕೇಳಿ, ಆಮೇಲೆ ಆರ್ಡರ್ ಕೊಡಿ.

ಆಕಾರದ ಮಾತಿಗೆ ಬಂದರೆ ಟೇಪು ಸಾಲುವುದಿಲ್ಲ. 'ಫ್ರೆಂಚ್ ಬೆಡ್' ಅನ್ನುವ ಮಂಚದಲ್ಲಿ ಕಾಲು ಕಡೆಯ ಒಂದು ಮೂಲೆ ಕತ್ತರಿಸಿರುತ್ತದೆ, ಪಕ್ಕದಲ್ಲಿ ಓಡಾಡಲು ದಾರಿ ಬೇಕಲ್ಲ, ಅದಕ್ಕೆ. 'ಐಲ್ಯಾಂಡ್ ಬೆಡ್' ನಡುವೆ ನಿಂತಿರುತ್ತದೆ, ಕಾಲು ಕಡೆಯ ಎರಡೂ ಮೂಲೆ ದುಂಡಗಿರಬಹುದು. ಇಂಥದ್ದಕ್ಕೆಲ್ಲ ಕಾಗದದ ಅಚ್ಚು ಬೇಕೇ ಬೇಕು. ದಪ್ಪ ಕಂದು ಕಾಗದ ಅಥವಾ ಅಂಟಿಸಿದ ಹಳೇ ಪೇಪರನ್ನು ಹಲಗೆಯ ಮೇಲೆ ಹಾಸಿ, ಅಂಚಿನುದ್ದಕ್ಕೂ ಬೆರಳಲ್ಲಿ ಒತ್ತಿ ಗೆರೆ ಮೂಡಿಸಿ, ಆ ಗೆರೆಗೆ ಕತ್ತರಿಸಿ. ಕತ್ತರಿಸಿದ್ದನ್ನು ಮತ್ತೆ ಹಲಗೆಯ ಮೇಲಿಟ್ಟು ನೋಡಿ.

ಕಾಗದದ ಮೇಲೆ "ಇದು ಮೇಲ್ಮುಖ", "ಇದು ತಲೆ ಕಡೆ" ಅಂತ ದೊಡ್ಡದಾಗಿ ಬರೆಯದೆ ಕಳಿಸಬೇಡಿ. ಮಗುಚಿ ಬಿದ್ದ ಅಚ್ಚಿನಲ್ಲಿ ಎಡ ಮೂಲೆ ಬಲ ಮೂಲೆ ಆಗಿಬಿಡುತ್ತದೆ. ಈ ಕೆಲಸದಲ್ಲಿ ದುಬಾರಿಯಾಗುವ ಎಡವಟ್ಟು ಇದೇ. ಒಂದೇ ಬದಿಯಲ್ಲಿ ಮಲಗುವ ಹಾಸಿಗೆಯಾದರೆ ಅದನ್ನು ತಿರುವಿ ಹಾಕಿ ಸರಿಮಾಡುವುದೂ ಆಗುವುದಿಲ್ಲ. ಫೋನಿನಲ್ಲಿ ಹೇಳುವಾಗ "ಎಡ" ಅಂದರೆ ಯಾರ ಎಡ? ನಾನು ಕಾಲು ಕಡೆ ನಿಂತು ತಲೆ ಕಡೆ ನೋಡಿದಾಗಿನ ಎಡ ಅಂತ ಇಟ್ಟುಕೊಂಡಿದ್ದೇನೆ. ನೀವು ಆರ್ಡರ್ ಕೊಡುವವರ ರೂಢಿ ಏನು ಅಂತ ಕೇಳಿಕೊಳ್ಳಿ.

ದಪ್ಪದ ಬಗ್ಗೆ ಜನರಿಗೆ ಆಸೆ ಜಾಸ್ತಿ. ಮನೆಯಲ್ಲಿ 20 ಸೆಂ.ಮೀ. ಇದೆ, ಇಲ್ಲೂ ಅಷ್ಟೇ ಇರಲಿ ಅನ್ನುತ್ತಾರೆ. ಹಾಕಿದ ಮೇಲೆ ಎದ್ದು ಕೂತರೆ ತಲೆ ಮೇಲಿನ ಕಪಾಟಿಗೆ ಬಡಿಯುತ್ತದೆ. ಒಂದರ ಮೇಲೊಂದು ಇರುವ ಬಂಕ್‌ನಲ್ಲಿ ಅಪಾಯ ಇನ್ನೊಂದು: ಹಾಸಿಗೆ ದಪ್ಪಗಾದಷ್ಟೂ ತಡೆಪಟ್ಟಿ ಗಿಡ್ಡವಾಗುತ್ತದೆ, ಮಗು ಉರುಳಿ ಬೀಳಬಹುದು. ಚಾವಣಿಯಿಂದ ಇಳಿಯುವ ಮಂಚಕ್ಕೆ ಮಡಚಿದಾಗ ಉಳಿಯುವ ಸಂದು ಎಷ್ಟೋ ಅಷ್ಟೇ ದಪ್ಪ, ಅಲ್ಲಿ ಚೌಕಾಸಿಗೆ ಜಾಗವೇ ಇಲ್ಲ. ಹಗಲು ಹಿಂದಕ್ಕೆ ತಳ್ಳುವ ಮಂಚವಾದರೆ ಹಾಸಿಗೆ ಎಲ್ಲಿ ಬಾಗುತ್ತದೋ ಅಲ್ಲಿ ತುಂಡು ಮಾಡಿಸಬೇಕಾಗುತ್ತದೆ. ಆ ಗೆರೆಯನ್ನೂ ಕಾಗದದ ಮೇಲೆ ಗುರುತು ಮಾಡಿ.

ಇನ್ನು ತೂಕ. ಇದನ್ನು ಕೇಳುವವರೇ ಕಡಿಮೆ. ಲೆಕ್ಕ ಸುಲಭ. 190 ಸೆಂ.ಮೀ. ಉದ್ದ, 135 ಸೆಂ.ಮೀ. ಅಗಲ, 15 ಸೆಂ.ಮೀ. ದಪ್ಪದ ಹಾಸಿಗೆಯ ಗಾತ್ರ ಸುಮಾರು 0.385 ಘನ ಮೀಟರ್. ಫೋಮ್‌ನ ಡೆನ್ಸಿಟಿ 30 ಅಂದರೆ ಒಂದು ಘನ ಮೀಟರಿಗೆ 30 ಕೆ.ಜಿ. ಗುಣಿಸಿದರೆ ಹನ್ನೊಂದೂವರೆ ಕೆ.ಜಿ. ಅದೇ ದಪ್ಪದಲ್ಲಿ ಮೇಲಿನ 5 ಸೆಂ.ಮೀ. ಮಾತ್ರ 50 ಡೆನ್ಸಿಟಿಯ ಮೆಮರಿ ಫೋಮ್ (ಮೈಯ ಭಾರಕ್ಕೆ, ಬಿಸಿಗೆ ಮೆಲ್ಲಗೆ ತಗ್ಗುವ ಫೋಮ್) ಮಾಡಿದರೆ 14 ಕೆ.ಜಿ. ಪೂರ್ತಿ 70 ಡೆನ್ಸಿಟಿಯ ಲ್ಯಾಟೆಕ್ಸ್ (ರಬ್ಬರ್ ಫೋಮ್) ಆದರೆ 27 ಕೆ.ಜಿ. ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಬಟ್ಟೆ ಚೀಲದಲ್ಲಿರುವ ಪಾಕೆಟ್ ಸ್ಪ್ರಿಂಗ್ ಹಾಸಿಗೆಯೂ ಭಾರವೇ. ಗಾಡಿಗೆ ಹೇರಬಹುದಾದ ತೂಕಕ್ಕೆ ಮಿತಿ ಇರುತ್ತದೆ, ನೀರು, ಸಿಲಿಂಡರ್, ಬಟ್ಟೆ, ಪಾತ್ರೆ ಎಲ್ಲ ಅದರೊಳಗೇ. ಹಳೇದಕ್ಕಿಂತ ಹೊಸದು ಎಷ್ಟು ಭಾರವೋ ಅಷ್ಟು ಸಾಮಾನು ಕಡಿಮೆ ಮಾಡಬೇಕು. ಮಂಚದ ಕೆಳಗೆ ಸಾಮಾನು ಇಡುವ ಡಬ್ಬ ಇದ್ದು, ಗ್ಯಾಸ್ ಶಾಕ್ (ಅನಿಲ ತುಂಬಿದ ಒತ್ತುಗೋಲು) ಹಲಗೆಯನ್ನು ಎತ್ತಿ ಹಿಡಿಯುವುದಾದರೆ ಇನ್ನೂ ಎಚ್ಚರ. ಆ ಶಾಕ್ ಹಗುರ ಹಾಸಿಗೆಯ ಲೆಕ್ಕಕ್ಕೆ ಹಾಕಿದ್ದು. ಭಾರ ಹೆಚ್ಚಾದರೆ ಹಲಗೆ ಮೇಲೆ ನಿಲ್ಲುವುದಿಲ್ಲ, ಕೈ ಮೇಲೇ ಬೀಳುತ್ತದೆ.

ಡೆನ್ಸಿಟಿ ಜಾಸ್ತಿ ಇದ್ದರೆ ಹಾಸಿಗೆ ಗಟ್ಟಿ ಅಂದುಕೊಂಡವರು ತುಂಬಾ ಜನ. ಹಾಗೇನಿಲ್ಲ. ಡೆನ್ಸಿಟಿ ಹೇಳುವುದು ಫೋಮ್‌ನಲ್ಲಿ ಎಷ್ಟು ಮಾಲು ಇದೆ ಅಂತ, ಅಂದರೆ ಬಾಳಿಕೆಯ ಸುಳಿವು. ಮೆತ್ತಗೋ ಗಟ್ಟಿಯೋ ಅನ್ನುವುದಕ್ಕೆ ಬೇರೆ ಅಳತೆ ಇದೆ, ಅದನ್ನು ಪ್ರತ್ಯೇಕವಾಗಿ ಕೇಳಿ. ಮೆಮರಿ ಫೋಮ್ ಚಳಿಗೆ ಗಟ್ಟಿಯಾಗುತ್ತದೆ. ರಾತ್ರಿ ಹೀಟರ್ ಹಾಕದ ಗಾಡಿಯಲ್ಲಿ ಮಲಗುವವರಿಗೆ ನಾನು ಅದನ್ನು ತೆಳ್ಳಗೆ ಮೇಲೆ ಮಾತ್ರ ಹಾಕಿ ಅನ್ನುತ್ತೇನೆ, ಇಲ್ಲವೇ ಬೇಡ.

ಸ್ಪ್ರಿಂಗ್ ಬೇಕೇ ಬೇಕು ಅನ್ನುವವರು ಮೊದಲು ಬಾಗಿಲನ್ನು ಅಳೆಯಲಿ. ಕ್ಯಾರವಾನ್ ಬಾಗಿಲು ಕಿರಿದು, ಒಳಗೆ ಹೋದ ಕೂಡಲೇ ತಿರುವು. ಮಡಚಲು ಬರದ ಹಾಸಿಗೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸುತ್ತಿ ಪ್ಯಾಕ್ ಮಾಡಿ ಬರುವ ಫೋಮ್ ಹಾಸಿಗೆಗೆ ಈ ತೊಂದರೆ ಇಲ್ಲ, ಆದರೆ ಬಿಚ್ಚಿದ ಮೇಲೆ ಪೂರ್ತಿ ಉಬ್ಬಲು ಒಂದೆರಡು ದಿನ ಬೇಕಾಗಬಹುದು. ಬಿಚ್ಚಿದ ತಕ್ಷಣ ಅಳೆದು ಚಿಕ್ಕದಾಯಿತು ಅಂತ ಜಗಳಕ್ಕೆ ನಿಲ್ಲಬೇಡಿ. ಇನ್ನು, ಸಿದ್ಧ ಹಾಸಿಗೆ ತಂದು ಮನೆಯಲ್ಲೇ ಮೂಲೆ ಕತ್ತರಿಸುತ್ತೇನೆ ಅನ್ನುವವರಿಗೆ: ಫೋಮ್ ಆದರೆ ಹಲ್ಲಿರುವ ಉದ್ದ ಚಾಕುವಿನಿಂದ ಆಗುತ್ತದೆ, ಕವರ್ ಮಾತ್ರ ಮತ್ತೆ ಹೊಲಿಸಬೇಕು. ಸ್ಪ್ರಿಂಗ್ ಹಾಸಿಗೆಗೆ ಕೈ ಹಾಕಲೇಬೇಡಿ.

ಹಳೇ ಹಾಸಿಗೆ ಎತ್ತಿದಾಗ ಹಲಗೆಯ ಮೇಲೆ ಕಪ್ಪು ಚುಕ್ಕೆ ಕಂಡಿತೇ? ಅದು ಬೂಷ್ಟು. ಮೈಯ ಬೆವರಿನ ಆವಿ ಕೆಳಗಿಳಿದು ತಣ್ಣನೆ ಪ್ಲೈವುಡ್ ಮೇಲೆ ನೀರಾಗುತ್ತದೆ. ಹೊಸ ಹಾಸಿಗೆ ಹಾಕಿದರೆ ಅದೂ ಹಾಗೇ ಆಗುತ್ತದೆ. ಹಲಗೆ ಒರೆಸಿ ಒಣಗಿಸಿ. ಅಡಿಗೆ ಗಾಳಿಯಾಡುವ ಜಾಲರಿ ಪದರ ಹಾಕಿ, ಇಲ್ಲವೇ ಸಂದು ಬಿಟ್ಟ ಮರದ ಪಟ್ಟಿಗಳ ಮೇಲೆ ಹಾಸಿ. ಪ್ಲಾಸ್ಟಿಕ್ ಹಾಳೆ ಬೇಡ. ಜಾಲರಿ ಹಾಕುವುದಾದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿ.

ಹಗಲು ಸೋಫಾ, ರಾತ್ರಿ ಮಂಚ ಆಗುವ ಜೋಡಣೆ ಇದ್ದರೆ ಹಾಸಿಗೆ ಬದಲಿಸುವ ಮಾತೇ ಬೇರೆ. ಕುಶನ್‌ಗಳ ಸಂದು ಸೊಂಟದ ಕೆಳಗೆ ಬರುತ್ತದೆ ಅನ್ನುವುದೇ ಅಲ್ಲಿ ದೂರು. ಕವರ್ ಚೆನ್ನಾಗಿದ್ದರೆ ಒಳಗಿನ ಫೋಮ್ ಮಾತ್ರ ಬದಲಿಸಿ, ಕವರಿಗಿಂತ ಸುಮಾರು ಒಂದು ಸೆಂ.ಮೀ. ದೊಡ್ಡದಾಗಿ ಕತ್ತರಿಸಿದರೆ ಬಿಗಿಯಾಗಿ ಕೂರುತ್ತದೆ. ಅದೂ ಸಾಲದಿದ್ದರೆ ಎಲ್ಲದರ ಮೇಲೆ 4–5 ಸೆಂ.ಮೀ. ದಪ್ಪದ ಟಾಪರ್, ಅಂದರೆ ಮೇಲು ಹಾಸು, ಹಾಸಿ. ಕೆಲವು ಸಲ ಮಂಚದ ಹಾಸಿಗೆಗೂ ಇಷ್ಟೇ ಸಾಕಾಗುತ್ತದೆ. ಆದರೆ ನಡುವೆ ಕುಳಿ ಬಿದ್ದ ಹಾಸಿಗೆ ಮೇಲೆ ಟಾಪರ್ ಹಾಕಿದರೆ ಅದೂ ಕುಳಿಗೇ ಇಳಿಯುತ್ತದೆ, ಸುಮ್ನೆ ದುಡ್ಡು ದಂಡ. ಟಾಪರ್ ಕೊಳ್ಳುವ ಮುಂಚೆ ಅದನ್ನು ಹಗಲು ಎಲ್ಲಿ ಇಡುತ್ತೀರಿ ಅಂತ ನೋಡಿಕೊಳ್ಳಿ. ಸುತ್ತಿದ ಡಬಲ್ ಟಾಪರ್ ಮೇಲಿನ ಕಪಾಟಿನಲ್ಲಿ ಹಿಡಿಸುವುದಿಲ್ಲ.