ಕೆಲಸದ ನಡುವೆ ಪರದೆ ಕಪ್ಪಾಗಿ, ಕಂಪ್ಯೂಟರ್ ತಾನಾಗಿ ಮತ್ತೆ ಶುರುವಾಗುವುದೇಕೆ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ತೋಟದ ಲೆಕ್ಕಪತ್ರಕ್ಕೂ ಮಕ್ಕಳ ಓದಿಗೂ ಬಳಸುವ ಡೆಸ್ಕ್‌ಟಾಪ್ ಕಂಪ್ಯೂಟರ್ ಹತ್ತು ವರ್ಷಕ್ಕಿಂತ ಹಳೆಯದು. ಈಚೆಗೆ ಹೊತ್ತುಗೊತ್ತಿಲ್ಲದೆ ಪರದೆ ಕಪ್ಪಾಗುತ್ತದೆ. ಕೆಲವೊಮ್ಮೆ ಕಂಪ್ಯೂಟರೇ ಆರಿ ತಾನಾಗಿ ಮತ್ತೆ ಶುರುವಾಗುತ್ತದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿದರೂ ಸರಿಹೋಗಲಿಲ್ಲ. ಹೊಸದನ್ನೇ ಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ಹೀಗೆ ಆರಿ ಹೊತ್ತಿಕೊಳ್ಳುವ ಹಳೆಯ ಯಂತ್ರಗಳಲ್ಲಿ ದೋಷವಿರುವುದು ಬಹುಮಟ್ಟಿಗೆ ವಿದ್ಯುತ್ತಿನಲ್ಲಿ, ತೇವದಲ್ಲಿ ಅಥವಾ ಬಿಸಿಯಲ್ಲಿ. ಆದ್ದರಿಂದ ಫಾರ್ಮ್ಯಾಟ್ ಮಾಡಿಸುವುದು ಕೊನೆಯ ಉಪಾಯವಾಗಬೇಕೇ ಹೊರತು ಮೊದಲನೆಯದಲ್ಲ. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ದೂರುಗಳಿವೆ. ಪರದೆ ಕಪ್ಪಾದ ಕ್ಷಣದಲ್ಲಿ ಕ್ಯಾಬಿನೆಟ್ ಏನು ಮಾಡುತ್ತಿದೆ ಎಂಬುದನ್ನು ಗಮನಿಸಿದರೆ ಅವೆರಡೂ ಬೇರ್ಪಡುತ್ತವೆ.

ಪರದೆ ಕಪ್ಪಾದ ಕೂಡಲೇ ಕೀಬೋರ್ಡಿನ ನಮ್ ಲಾಕ್ ಗುಂಡಿಯನ್ನು ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಕಂಪ್ಯೂಟರ್ ಜೀವಂತವಾಗಿದೆ. ದೋಷವಿರುವುದು ಮಾನಿಟರ್, ಅದರ ಕೇಬಲ್ ಅಥವಾ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗದಲ್ಲಿ. ಕೇಬಲ್ಲಿನ ತಿರುಪುಗಳನ್ನು ಬಿಗಿ ಮಾಡಿ, ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಮಾನಿಟರಿನ ಹಿಂಬೆಳಕು ಕೆಟ್ಟಿದೆ ಎಂದರ್ಥ, ಕಂಪ್ಯೂಟರಿಗೆ ಕೈಹಚ್ಚುವ ಅಗತ್ಯವೇ ಇಲ್ಲ. ಫ್ಯಾನ್ ತಿರುಗುತ್ತಿದ್ದು ನಮ್ ಲಾಕ್ ದೀಪ ಮಿಸುಕದಿದ್ದರೆ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮ್, ಗ್ರಾಫಿಕ್ಸ್ ಕಾರ್ಡ್ ಅಥವಾ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕವಾದ ಮದರ್‌ಬೋರ್ಡಿನ ಮೇಲೆ ಅನುಮಾನ ಪಡಬೇಕು. ಫ್ಯಾನಿನ ಸದ್ದೇ ಒಮ್ಮೆ ನಿಂತು ಮತ್ತೆ ಶುರುವಾದರೆ ವಿದ್ಯುತ್ತಿನ ಕಡೆಗೆ ತಿರುಗಿ.

ಮಲೆನಾಡಿನಲ್ಲಿ ಈ ಮೂರನೆಯದೇ ಹೆಚ್ಚು. ಮಳೆಗಾಲದಲ್ಲಿ ಮರದ ಕೊಂಬೆ ತಂತಿಗೆ ತಾಗಿದಾಗಲೂ ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗಲೂ ವೋಲ್ಟೇಜ್ ಕ್ಷಣಕಾಲ ಕುಸಿಯುತ್ತದೆ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯು ಹೊಸದಿದ್ದಾಗ ಹೆಚ್ಚುಕಡಿಮೆ 16 ಮಿಲಿಸೆಕೆಂಡುಗಳ ಕಡಿತವನ್ನು ತಾಳಿಕೊಳ್ಳುವಂತೆ ರೂಪಿತವಾಗಿರುತ್ತದೆ. ಒಳಗೆ ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರುಗಳು ವರ್ಷಗಳ ಬಿಸಿಗೆ ಒಣಗುತ್ತಾ ಬಂದಂತೆ ಆ ತಾಳಿಕೆ ಕುಗ್ಗುತ್ತದೆ. ಆಗ ಬಲ್ಬು ಒಮ್ಮೆ ಮಿಣುಕಿದರೂ ಸಾಕು, ವೋಲ್ಟೇಜ್ ಸರಿಯಿದೆ ಎಂದು ಮದರ್‌ಬೋರ್ಡಿಗೆ ತಿಳಿಸುವ ಸಂಕೇತ ಕಡಿದು ಕಂಪ್ಯೂಟರ್ ಮೊದಲಿನಿಂದ ಶುರುವಾಗುತ್ತದೆ.

ಇನ್ವರ್ಟರ್ ಇದ್ದವರು ಇನ್ನೊಂದನ್ನು ನೋಡಬೇಕು. ಹಲವು ಇನ್ವರ್ಟರುಗಳಲ್ಲಿ ನಾರ್ಮಲ್, ಯುಪಿಎಸ್ ಎಂಬ ಎರಡು ಸ್ಥಾನಗಳ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದು ನಿಧಾನ. ಫ್ಯಾನು, ದೀಪಗಳಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ಆರುತ್ತದೆ. ಎಷ್ಟೋ ಮನೆಗಳಲ್ಲಿ ಈ ಸ್ವಿಚ್ಚನ್ನು ಯುಪಿಎಸ್ ಸ್ಥಾನಕ್ಕೆ ಸರಿಸಿದರೆ ಕೆಲಸ ಮುಗಿಯುತ್ತದೆ. ಕಂಪ್ಯೂಟರಿಗೆಂದೇ ಬೇರೆ ಯುಪಿಎಸ್ ಪೆಟ್ಟಿಗೆ ಇದ್ದರೆ ಅದರ ಚಿಕ್ಕ ಬ್ಯಾಟರಿ ಮೂರು ವರ್ಷ ಬಾಳಿದರೆ ದೊಡ್ಡದು.

ಎಸ್‌ಎಂಪಿಎಸ್ ಮೇಲೆಯೇ ಅನುಮಾನವಿದ್ದರೆ, ಪರಿಚಿತರ ಬಳಿಯಿರುವ ಸರಿಯಾದ ಇನ್ನೊಂದನ್ನು ಹಾಕಿ ಕೆಲವು ದಿನ ನಡೆಸಿ ನೋಡುವುದಕ್ಕಿಂತ ಖಚಿತವಾದ ಪರೀಕ್ಷೆ ಇಲ್ಲ. ಮಲ್ಟಿಮೀಟರ್ ಬಲ್ಲವರು ಕಂಪ್ಯೂಟರ್ ಭಾರದ ಕೆಲಸ ಮಾಡುತ್ತಿರುವಾಗ ಹಳದಿ ತಂತಿಯಲ್ಲಿ 11.4ರಿಂದ 12.6 ವೋಲ್ಟ್ ಇದೆಯೇ ಎಂದು ಅಳೆಯಬಹುದು. ಆದರೆ ಆ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದಾದರೆ ನಿಮ್ಮ ಅರ್ಥಿಂಗ್ ಸರಿಯಿಲ್ಲ, ಅದಕ್ಕೆ ಎಲೆಕ್ಟ್ರಿಷಿಯನ್ನರನ್ನೇ ಕರೆಯಬೇಕು.

ಇನ್ನು ತೇವದ ವಿಷಯ. ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುವ ಆಷಾಢದಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಮುಚ್ಚಿಟ್ಟರೆ ರ್‍ಯಾಮ್ ಕೂರುವ ಸ್ಲಾಟಿನಲ್ಲಿ ತೇವ, ದೂಳು ಸೇರಿ ಸಂಪರ್ಕ ಹದಗೆಡುತ್ತದೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲ ಸೆಕೆಂಡು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಲೋಹವನ್ನೊಮ್ಮೆ ಮುಟ್ಟಿ, ಎರಡೂ ತುದಿಯ ಕ್ಲಿಪ್ಪುಗಳನ್ನು ಬಿಡಿಸಿ ರ್‍ಯಾಮನ್ನು ಹೊರತೆಗೆಯಿರಿ. ಅದರ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ದರೆ ಪೆನ್ಸಿಲ್ಲಿನ ಮೆತ್ತನೆಯ ರಬ್ಬರಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿ, ಪುಡಿಯನ್ನೆಲ್ಲ ಬ್ರಷ್ಷಿನಿಂದ ಕೊಡವಿ, ಟಕ್ಕೆಂದು ಕೂರುವ ತನಕ ಒತ್ತಿರಿ. ಮುಚ್ಚಳ ತೆಗೆದಿರುವಾಗಲೇ ಲೆಕ್ಕ ಮಾಡುವ ಮುಖ್ಯ ಚಿಪ್ಪಾದ ಪ್ರೊಸೆಸರಿನ ಸುತ್ತ ನಿಂತಿರುವ ಚಿಕ್ಕ ಡಬ್ಬಿಯಂಥ ಕೆಪಾಸಿಟರುಗಳ ನೆತ್ತಿಗೆ ಟಾರ್ಚ್ ಬಿಡಿ: ನೆತ್ತಿ ಚಪ್ಪಟೆಯಾಗಿರಬೇಕು, ಉಬ್ಬಿದ್ದರೆ ಅಥವಾ ಕಂದು ಕಲೆ ಒಸರಿದ್ದರೆ ಬೋರ್ಡಿನ ಆಯುಸ್ಸು ಮುಗಿಯುತ್ತಿದೆ. ಹಲ್ಲಿ, ಇರುವೆಗಳೂ ಸಿಗಬಹುದು. ನಮ್ಮ ಕಡೆ ಅದು ತಮಾಷೆಯ ಮಾತಲ್ಲ.

ಬಿಸಿಯ ದೋಷಕ್ಕೆ ಒಂದು ಲಕ್ಷಣವಿದೆ: ವಿಡಿಯೊ, ಆಟಗಳಂಥ ಭಾರದ ಕೆಲಸದಲ್ಲಿ ಆರುತ್ತದೆ, ತಣ್ಣಗಿರುವಾಗ ಆರುವುದಿಲ್ಲ. ಪ್ರೊಸೆಸರಿನ ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕಿನ ದೂಳು ತೆಗೆಸಿ ಅವೆರಡರ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ವಿಂಡೋಸಿನಲ್ಲಿ ಮಾಡಬೇಕಾದದ್ದು ಎರಡೇ. ಸ್ಟಾರ್ಟಪ್ ಅಂಡ್ ರಿಕವರಿ ಭಾಗದಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಗುರುತನ್ನು ತೆಗೆದರೆ, ದೋಷವು ಬಿಡಿಭಾಗಗಳನ್ನು ನಡೆಸುವ ತಂತ್ರಾಂಶವಾದ ಡ್ರೈವರಿನದೋ ರ್‍ಯಾಮಿನದೋ ಆಗಿದ್ದ ಪಕ್ಷದಲ್ಲಿ ಯಂತ್ರ ಮರುಚಾಲೂ ಆಗದೆ ನೀಲಿ ಪರದೆಯಲ್ಲಿ ನಿಂತು ಸಂಕೇತವನ್ನು ತೋರಿಸುತ್ತದೆ. ಅದನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ವಿಂಡೋಸಿನ ದಿನಚರಿಯಂತಿರುವ ಈವೆಂಟ್ ವ್ಯೂವರಿನಲ್ಲಿ ಕಾಣುವ 'ಕರ್ನಲ್ ಪವರ್ 41' ಎಂಬ ದಾಖಲೆಯನ್ನು ಮಾತ್ರ ರೋಗವೆಂದು ತಿಳಿಯಬೇಡಿ. ಕಂಪ್ಯೂಟರ್ ಸರಿಯಾಗಿ ಮುಚ್ಚದೆ ಆರಿತ್ತು ಎಂಬುದಷ್ಟೇ ಅದರ ಅರ್ಥ. ಕರೆಂಟು ಹೋದಾಗಲೂ ಅದೇ ಬರುತ್ತದೆ. ರ್‍ಯಾಮಿನ ಮೇಲೆ ಶಂಕೆ ಉಳಿದರೆ ರಾತ್ರಿಯಿಡೀ ಅದನ್ನು ಪರೀಕ್ಷಿಸುವ ತಂತ್ರಾಂಶವಾದ ಮೆಮ್‌ಟೆಸ್ಟ್ 86 ಓಡಿಸಿ. ಒಂದೇ ಒಂದು ತಪ್ಪು ಕಂಡರೂ ರ್‍ಯಾಮ್ ಪಟ್ಟಿಗಳನ್ನು ಒಂದೊಂದಾಗಿ ಹಾಕಿ ಮತ್ತೆ ಪರೀಕ್ಷಿಸಬೇಕು.

ಎಸ್‌ಎಂಪಿಎಸ್, ರ್‍ಯಾಮ್, ಬ್ಯಾಟರಿಗಳವರೆಗಿನ ಖರ್ಚು ಹತ್ತು ವರ್ಷದ ಯಂತ್ರಕ್ಕೂ ಸಲ್ಲುತ್ತದೆ. ಮದರ್‌ಬೋರ್ಡೇ ಹೋಗಿದ್ದರೆ ಹಳೆಯ ಬೋರ್ಡು ಹುಡುಕಿ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಷ್ಟು ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11 ಅಧಿಕೃತವಾಗಿ ದೊರೆಯುವುದೂ ಇಲ್ಲ. ಯಾವ ದಾರಿ ಹಿಡಿದರೂ, ಯಂತ್ರವನ್ನು ಅಂಗಡಿಗೆ ಒಯ್ಯುವ ಮೊದಲೇ ತೋಟದ ಲೆಕ್ಕದ ಕಡತಗಳನ್ನು ಪೆನ್‌ಡ್ರೈವಿಗೆ ನಕಲಿಸಿಕೊಳ್ಳಿ, ಏಕೆಂದರೆ ಬರೆಯುತ್ತಿರುವಾಗ ಪದೇಪದೇ ವಿದ್ಯುತ್ ಕಡಿದ ಹಾರ್ಡ್‌ಡಿಸ್ಕಿನಲ್ಲಿ ಕಡತಗಳು ಕೆಡುವ ಸಂಭವವಿದೆ.